ನಾಲ್ಕೂವರೆ ಮೃಗಗಳ ಪ್ರತಾಪ

ನನ್ನ ಮಿತ್ರರೊಬ್ಬರು ಕಳೆದ ತಿಂಗಳು ಆಫ್ರಿಕದಿಂದ ಹಿಂದಿರುಗಿದರು. ಹಿಂದಿರುಗಿದವರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಊಟವೇನೋ ಸೊಗಸಾಗಿತ್ತು, ಕೋಸಂಬರಿಯಿಂದ ಹಿಡಿದು ಆಂಬೊಡೆಯವರೆಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಕೈ ತೊಳೆದುಕೊಂಡು, ಎಲೆಯಡಿಕೆ ಹಾಕಿಕೊಂಡು ಇನ್ನು ಹೊರಡೋಣವೆನ್ನುವಷ್ಟರಲ್ಲಿ ಅವರು ನಡುಮನೆಯ ದೀಪ ಆರಿಸಿದರು. ಗೋಡೆಯ ಟೀವಿಯ ಮೇಲೆ ಒಂದು ಸಿಂಹ ಕಾಣಿಸಿತು. ಮರುಕ್ಷಣ ಅದೇ ಸಿಂಹ ಕೊಂಚ ಎಡಕ್ಕೆ ತಿರುಗಿ ಕಾಣಿಸಿತು. ಮೂರನೆಯ ಸಲ ಅದು ಆಕಳಿಸಿತು. ಅದನ್ನು ನೋಡಿ ನಾವೂ ಆಕಳಿಸಿದೆವು. ಆ ರಾತ್ರಿ ಏಳು ಜನ ಅತಿಥಿಗಳು 612 ಚಿತ್ರಗಳನ್ನು ನೋಡಿದೆವು. ಲೆಕ್ಕ ನನ್ನದಲ್ಲ, ಅವರೇ ಹೇಳಿದ್ದು. ಒಟ್ಟು 4,000 ತೆಗೆದಿದ್ದರಂತೆ. ನಮ್ಮ ಮೇಲಿನ ದಯೆಯಿಂದ ಇಷ್ಟನ್ನು ಮಾತ್ರ ಆರಿಸಿದ್ದರು.

ಬಂದವರಲ್ಲಿ ಒಬ್ಬರು, ಇಂಥ ವಿಷಯಗಳಲ್ಲಿ ತಿಳಿದವರು, ನಡುವೆ ಕೇಳಿದರು: "ಐದೂ ಸಿಕ್ಕವೇನು?"

ಮಿತ್ರರ ಮುಖ ಸ್ವಲ್ಪ ಬಾಡಿತು. "ನಾಲ್ಕೂವರೆ," ಎಂದರು. ಚಿರತೆಯ ಬಾಲ ಮಾತ್ರ ಸಿಕ್ಕಿತ್ತು. ಆ ಬಾಲದ ಹನ್ನೊಂದು ಚಿತ್ರಗಳನ್ನು ನಾವು ನೋಡಿದೆವು.

ನಗುವುದಕ್ಕೆಂದು ನಾನು ಇದನ್ನು ಬರೆಯುತ್ತಿಲ್ಲ. ಎರಡು ವರ್ಷದ ಕೆಳಗೆ ನಾನೂ ಅದೇ ಕಾಡಿಗೆ ಅದೇ ಬಗೆಯ ಕ್ಯಾಮರಾ ಹಿಡಿದು ಹೋದವನು. ನನಗೆ ಐದೂ ಸಿಕ್ಕವು. ಹೀಗಾಗಿ ನನ್ನ ಪಾಪ ಮಿತ್ರರ ಪಾಪಕ್ಕಿಂತ ಅರ್ಧ ಮೃಗದಷ್ಟು ಹೆಚ್ಚು. ಈಗ ನಮ್ಮ ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಜನ ಹಿಂಡುಹಿಂಡಾಗಿ ಆಫ್ರಿಕದ ಸಫಾರಿಗೆ ಹೊರಡುವುದನ್ನು ನೋಡಿದರೆ, ಈ ಪ್ರತಾಪದ ಬೆಲೆ ಏನು, ಅದನ್ನು ಕೊಡುತ್ತಿರುವವರು ಯಾರು ಎಂದು ಯಾರಾದರೂ ಕೇಳಲೇಬೇಕೆಂದು ನನಗೆ ತೋರುತ್ತದೆ.

ಮೊದಲು ಈ ಐದರ ವಿಚಾರ. ನಮ್ಮಲ್ಲಿ ಒಂದು ಗಾದೆಯ ಕಥೆಯಿದೆ: ಪಂಚಪಾಂಡವರು ಗೊತ್ತೆ ಎಂದರೆ, ಓಹೋ ಗೊತ್ತು, ಮಂಚದ ಕಾಲಿನ ಹಾಗೆ ಮೂರು ಜನ ಎಂದು ಎರಡು ಬೆರಳು ತೋರಿಸಿದನಂತೆ. ಸಫಾರಿಗೆ ಹೋಗುವವರ ಜ್ಞಾನ ಅಷ್ಟು ಸಡಿಲವಾದದ್ದಲ್ಲ; ಅವರ ಪಂಚಮಹಾಮೃಗಗಳು ಸರಿಯಾಗಿ ಐದೇ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕದ ಕಾಡೆಮ್ಮೆ. ಈ 'ಬಿಗ್ ಫೈವ್' ಪಟ್ಟಿಯನ್ನು ಕಟ್ಟಿದವರು ಯಾರು? ಪ್ರಾಣಿಶಾಸ್ತ್ರಜ್ಞರಲ್ಲ, ಕವಿಗಳಲ್ಲ, ಆ ನಾಡಿನ ಜನರೂ ಅಲ್ಲ. ಬಂದೂಕು ಹಿಡಿದು ಹೋದ ಬಿಳಿಯ ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಕೊಲ್ಲುವುದಕ್ಕೆ ಅತ್ಯಂತ ಕಷ್ಟವಾದ, ತಿರುಗಿ ಬಿದ್ದು ಕೊಲ್ಲಬಲ್ಲ ಐದು ಮೃಗಗಳು ಇವು. ಜಿರಾಫೆ ಇದರಲ್ಲಿಲ್ಲ, ಅದನ್ನು ಕೊಲ್ಲುವುದರಲ್ಲಿ ಕೀರ್ತಿ ಇರಲಿಲ್ಲ. ಇಡೀ ಕ್ರೂಗರ್ ಕಾಡಿನಲ್ಲಿ ಕೆಲವೇ ನೂರು ಉಳಿದಿರುವ ಆಫ್ರಿಕದ ಕಾಡುನಾಯಿ ಇದರಲ್ಲಿಲ್ಲ. ಕೊಲ್ಲುವವನ ಪಟ್ಟಿಯನ್ನು ನೋಡುವವನು ಚಾಚೂ ತಪ್ಪದೆ ಕೈಗೆತ್ತಿಕೊಂಡಿದ್ದಾನೆ, ಮತ್ತು ಯಾವ ನಾಚಿಕೆಯೂ ಇಲ್ಲದೆ 'ನಾನು ಪ್ರಾಣಿಪ್ರಿಯ' ಎನ್ನುತ್ತಿದ್ದಾನೆ.

ಐದನ್ನೂ ನೋಡಲೇಬೇಕೆಂಬ ಹಟವಿದ್ದವರಿಗೆ ಒಂದು ಸುಲಭೋಪಾಯ ಹೇಳುತ್ತೇನೆ. ದಕ್ಷಿಣ ಆಫ್ರಿಕದ ನೋಟುಗಳ ಮೇಲೆ ಈ ಐದೂ ಅಚ್ಚಾಗಿವೆ. 10 ರಾಂಡಿನ ಮೇಲೆ ಘೇಂಡಾಮೃಗ, 20ರ ಮೇಲೆ ಆನೆ, 50ರ ಮೇಲೆ ಸಿಂಹ, 100ರ ಮೇಲೆ ಕಾಡೆಮ್ಮೆ, 200ರ ಮೇಲೆ ಚಿರತೆ. ಒಟ್ಟು 380 ರಾಂಡ್ ಜೇಬಿನಲ್ಲಿದ್ದರೆ ಜೊಹಾನ್ಸ್‌ಬರ್ಗಿನ ವಿಮಾನ ನಿಲ್ದಾಣದಲ್ಲಿಯೇ ವ್ರತ ಮುಗಿಯಿತು. ಚಿರತೆಯ ಮುಖವೂ ಸಿಕ್ಕುತ್ತದೆ.

ಭಾಷೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಬಂದೂಕಿಗೂ ಕ್ಯಾಮರಾಕ್ಕೂ ಒಂದೇ ಕ್ರಿಯಾಪದ, 'ಶೂಟ್'. ಕನ್ನಡದಲ್ಲಿ ನಾವೇನೂ ಮೇಲಲ್ಲ. 'ಕ್ಯಾಮರಾದಲ್ಲಿ ಸೆರೆಹಿಡಿದ ಅಪೂರ್ವ ದೃಶ್ಯ' ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಈ ಪುರವಣಿಯ ಸಂಪಾದಕರೂ ಕ್ಷಮಿಸಬೇಕು. ಸೆರೆ ಹಿಡಿಯುವುದು ಕಳ್ಳನನ್ನು, ಶತ್ರುವನ್ನು, ಖೆಡ್ಡಾದಲ್ಲಿ ಆನೆಯನ್ನು. ಹಾಗಾದರೆ 'ಸಫಾರಿ'? ಅದು ಸ್ವಾಹಿಲಿ ಮಾತು, ಮೂಲ ಅರಬ್ಬಿ. ಅರ್ಥ ಬರಿಯ ಪ್ರಯಾಣ. ನಮ್ಮ ಕಡೆಯ ಸಾಬರ ಬಾಯಲ್ಲಿ 'ಸಫರ್' ಎಂಬುದು ಇದೇ ಶಬ್ದ. ಪ್ರಯಾಣ ಎಂಬ ಸಾಧುವಾದ ಮಾತು ಬೇಟೆಯಾಯಿತು. ಆಮೇಲೆ ನಾಲ್ಕು ಜೇಬಿನ ಸೂಟಾಗಿ ನಮ್ಮ ಇಂಜಿನಿಯರುಗಳ ಮೈಮೇಲೆ ಬಂತು. ಈಗ ಹೆಗಲ ಮೇಲಿನ ಮೊಳದುದ್ದದ ಲೆನ್ಸಾಗಿದೆ.

ನನ್ನ ಕಥೆ ಇದು. ತಂಗಿಯ ಮಗ ಜೊಹಾನ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. "ಬನ್ನಿ ಮಾವ, ನಾನೇ ಕಾರು ಓಡಿಸಿಕೊಂಡು ಕ್ರೂಗರಿಗೆ ಕರೆದುಕೊಂಡು ಹೋಗ್ತೀನಿ" ಎಂದ. ಅಲ್ಲಿಯೂ ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದರಿಂದ ನನಗೆ ಭಯವಾಗಲಿಲ್ಲ. ಅವನ ಇಬ್ಬರು ಸ್ನೇಹಿತರೂ ಜೊತೆಗೆ ಬಂದರು. ಜುಲೈ ತಿಂಗಳು, ಅಲ್ಲಿ ಚಳಿಗಾಲ. ಹುಲ್ಲು ಒಣಗಿ ಬಾಗಿರುತ್ತದೆ, ಎಲೆ ಉದುರಿರುತ್ತದೆ, ನೀರು ಕೆಲವೇ ಕಡೆ ಇರುತ್ತದೆ. ಪ್ರಾಣಿಗಳು ಕಣ್ಣಿಗೆ ಬೀಳುವ ಕಾಲ. ಬೆಳಗಿನ ಜಾವ ಹೊರಟು, ಸುಮಾರು ನಾನೂರು ಕಿಲೋಮೀಟರು ದಾಟಿ ಮಧ್ಯಾಹ್ನದ ಹೊತ್ತಿಗೆ ಫಾಬೇನಿ ಎಂಬ ದ್ವಾರದಿಂದ ಒಳಗೆ ಹೋದೆವು.

ಕ್ರೂಗರ್ ಎಂದರೆ ಎಷ್ಟು ದೊಡ್ಡದೆಂಬ ಕಲ್ಪನೆ ನಮಗೆ ಸುಲಭವಾಗಿ ಬರುವುದಿಲ್ಲ. ವಿಸ್ತೀರ್ಣ ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೆ ಕೊಂಚ ಕಡಮೆ. ಎಂದರೆ ಇಡೀ ಕರ್ನಾಟಕದ ಹತ್ತನೆಯ ಒಂದು ಪಾಲು. ತೆಂಕಣಿಂದ ಬಡಗಣಕ್ಕೆ 350 ಕಿಲೋಮೀಟರಿಗೂ ಹೆಚ್ಚು. ಇದು ರಾಷ್ಟ್ರೀಯ ಉದ್ಯಾನವಾದದ್ದು 1926ರಲ್ಲಿ. ಮರುವರ್ಷ ಪ್ರವಾಸಿಗಳ ಮೂರೇ ಮೂರು ಮೋಟಾರುಗಳು ಒಳಕ್ಕೆ ಬಂದುವಂತೆ. ಈಗ ಯಾರು ಬೇಕಾದರೂ ಸ್ವಂತ ಕಾರಿನಲ್ಲಿ, ಮಾರ್ಗದರ್ಶಿಯಿಲ್ಲದೆ, ತಿರುಗಬಹುದು. ನಿಯಮಗಳು ಸರಳ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರು, ಮಣ್ಣು ರಸ್ತೆಯಲ್ಲಿ 40. ಗೊತ್ತು ಮಾಡಿದ ಜಾಗಗಳಲ್ಲಲ್ಲದೆ ಕಾರಿನಿಂದ ಇಳಿಯಕೂಡದು, ಕಿಟಕಿಯಿಂದ ಮೈ ಹೊರಗೆ ಚಾಚಕೂಡದು. ಸಂಜೆ ಬಾಗಿಲು ಮುಚ್ಚುವುದರೊಳಗೆ ಬಿಡಾರ ಸೇರಬೇಕು. ಇಷ್ಟೇ. ಇಷ್ಟನ್ನು ಪಾಲಿಸಿದರೆ ಮನುಷ್ಯ ಆ ಕಾಡಿನಲ್ಲಿ ಒಬ್ಬ ಮರ್ಯಾದಸ್ಥ ಅತಿಥಿಯಾಗಿರಬಹುದು.

ನಾವು ಮೊದಲನೆಯ ದಿನ ಹಾಗೆಯೇ ಇದ್ದೆವು. ಎರಡನೆಯ ಬೆಳಿಗ್ಗೆ ಸ್ಕುಕುಜಾ ಬಿಡಾರದಿಂದ ಲೋವರ್ ಸಾಬಿಯ ಕಡೆಗೆ, ಸಾಬಿ ನದಿಯ ಪಕ್ಕದಲ್ಲಿ ಹೋಗುವ ಡಾಂಬರು ರಸ್ತೆಯಲ್ಲಿ ಹೊರಟೆವು. ಒಂದೆಡೆ ಇಂಪಾಲ ಜಿಂಕೆಗಳ ಹಿಂಡು. ಗಂಡೆರಡು ಕೊಂಬು ಕೊಟ್ಟು ನಿಂತಿದ್ದವು. ಕಾರು ನಿಲ್ಲಿಸಲು ಹೇಳಿದೆ. ಹಿಂದೆ ಕುಳಿತಿದ್ದವರಲ್ಲೊಬ್ಬ, "ಇಂಪಾಲ ತಾನೆ ಅಂಕಲ್, ಲಕ್ಷಗಟ್ಟಲೆ ಇವೆ" ಎಂದ. ನಿಜ, ಲಕ್ಷಕ್ಕೂ ಮೀರಿ ಇವೆ. ನಮ್ಮ ಬೀದಿಯಲ್ಲಿ ಒಂದು ನಿಂತರೆ ಊರೆಲ್ಲ ಸೇರುತ್ತಿತ್ತು. ಅಷ್ಟರಲ್ಲಿ ಅವನ ಫೋನು ಕಿಣಿಕಿಣಿ ಎಂದಿತು. ಎಲ್ಲಿ ಯಾವ ಮೃಗ ಕಂಡಿತೆಂದು ಪ್ರವಾಸಿಗಳು ಒಬ್ಬರಿಗೊಬ್ಬರು ತಿಳಿಸುವ ಆ್ಯಪುಗಳಿವೆ. ಮುಂದೆ ಹನ್ನೊಂದು ಕಿಲೋಮೀಟರಿನಲ್ಲಿ ಚಿರತೆ, ಮರಿಯ ಸಮೇತ!

ಅನಂತರದ ಹತ್ತು ನಿಮಿಷಗಳ ಬಗ್ಗೆ ನನಗೆ ನಾಚಿಕೆಯಾಗುತ್ತದೆ. 50ರ ರಸ್ತೆಯಲ್ಲಿ ನಾವು 80ರಲ್ಲಿ ಹೋದೆವು. ರಸ್ತೆ ದಾಟುತ್ತಿದ್ದ ಗೌಜಲಕ್ಕಿಯೊಂದು ಕೂದಲೆಳೆಯಷ್ಟರಲ್ಲಿ ಉಳಿಯಿತು. "ನಿಧಾನ ಕಣೋ" ಎಂದು ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಏಕೆಂದರೆ ನನಗೂ ಚಿರತೆ ಬೇಕಾಗಿತ್ತು. 2016ರಲ್ಲಿಯೇ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ ಈ ಆ್ಯಪುಗಳ ವಿರುದ್ಧ ಬಹಿರಂಗವಾಗಿ ಮಾತನಾಡಿತ್ತು: ಕಾರುಗಳು ಹುಚ್ಚು ವೇಗದಲ್ಲಿ ಓಡುತ್ತಿವೆ, ಚಕ್ರಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿವೆ, ಒಂದೊಂದು ಮೃಗದ ಸುತ್ತ ಸಂತೆ ನೆರೆಯುತ್ತಿದೆ ಎಂದು. ನಮಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಓಡುತ್ತಿದ್ದೆವು.

ಸಂತೆ ಕಂಡಿತು. ನಾನು 27 ಕಾರುಗಳನ್ನು ಎಣಿಸಿದೆ. ಎರಡು ಸಾಲು ಎಲ್ಲಿ ಮೂರು ಸಾಲಾಗಿತ್ತೋ ತಿಳಿಯದು. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ರಸ್ತೆಯ ಎಡಕ್ಕೆ ಒಣಹುಲ್ಲಿನಲ್ಲಿ ತಾಯಿ ಚಿರತೆ. ಬಲಕ್ಕೆ, ಪೊದೆಯ ಬುಡದಲ್ಲಿ ಮರಿ. ಬೆಕ್ಕಿಗಿಂತ ತುಸು ದೊಡ್ಡದು. ನಡುವೆ ನಾವು. ತಾಯಿ ಮೂಗಿನಿಂದ ಬಿಟ್ಟ ಹಾಗೆ ಒಂದು ಸಣ್ಣ ಸದ್ದು ಮಾಡಿ ಕರೆಯುತ್ತಿತ್ತು. ಮರಿ ಎರಡು ಹೆಜ್ಜೆ ಮುಂದಿಡುವುದು, ಯಾರೋ ಇಂಜಿನ್ ಶುರುಮಾಡುವುದು, ಮರಿ ಪೊದೆಯೊಳಕ್ಕೆ ಹಿಮ್ಮೆಟ್ಟುವುದು. ತಾಯಿ ತಾನೇ ದಾಟುವುದಕ್ಕೆ ಮೂರು ಸಲ ಡಾಂಬರಿನ ಅಂಚಿನವರೆಗೆ ಬಂತು. ಒಬ್ಬ ಮಹಾರಾಯ ಕಾರಿನ ಮಾಳಿಗೆಯ ಕಿಂಡಿಯಿಂದ ಸೊಂಟದವರೆಗೆ ಎದ್ದು ನಿಂತಿದ್ದ. ಇನ್ನೊಬ್ಬ, ತನ್ನ ಮುಂದಿನ ಕಾರು ಅಡ್ಡ ಬಂತೆಂದು ಹಾರನ್ ಒತ್ತಿದ. ಕಾಡಿನಲ್ಲಿ ಹಾರನ್! ಯಾವುದೋ ಕಾರಿನಲ್ಲಿ ಒಂದು ಮಗು ಅಳುತ್ತಿತ್ತು. ಅದನ್ನು ಕೇಳುವವರಿರಲಿಲ್ಲ, ಅದರ ತಾಯಿತಂದೆ ಚಿರತೆಯ ಮರಿಯನ್ನು ನೋಡುತ್ತಿದ್ದರು.

ಹೀಗೆ ನಲವತ್ತು ನಿಮಿಷ. ಕೊನೆಗೆ ತಾಯಿ ಎಡಕ್ಕೆ ತಿರುಗಿ ಹುಲ್ಲಿನಲ್ಲಿ ಮರೆಯಾಯಿತು. ಮರಿ ಬಲಗಡೆಯೇ ಉಳಿಯಿತು. ನಾವು ತಿಂಡಿಗೆ ಹೊತ್ತಾಯಿತೆಂದು ಹೊರಟೆವು. ಅವೆರಡೂ ಆಮೇಲೆ ಕೂಡಿದವೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ತೆಗೆದ ಚಿತ್ರ ಮಾತ್ರ ಬಹಳ ಚೆನ್ನಾಗಿ ಬಂತು. ಬಂಗಾರದ ಹುಲ್ಲು, ಬೆಳಗಿನ ಬಿಸಿಲು, ನೆಟ್ಟ ನೋಟ. ಮೈಸೂರಿನಲ್ಲಿ ತಂಗಿಯ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ನೋಡಿದವರೆಲ್ಲ, "ಎಂಥ ನಿರ್ಜನವಾದ ಕಾಡು! ಹೇಗೆ ನಿಮ್ಮನ್ನೇ ನೋಡುತ್ತಿದೆ!" ಎನ್ನುತ್ತಾರೆ. ಅದು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕಾರಿನ ಆಚೆಗೆ, ಇಪ್ಪತ್ತೇಳು ಕಾರುಗಳ ಆಚೆಗೆ, ತನ್ನ ಮರಿಯಿದ್ದ ಪೊದೆಯನ್ನು ನೋಡುತ್ತಿತ್ತು.

ನನ್ನ ಆಕ್ಷೇಪಣೆಯೆಲ್ಲ ಇಲ್ಲಿದೆ. ಈ ಚಿತ್ರಗಳು ಸುಳ್ಳು ಹೇಳುತ್ತವೆ. ಚೌಕಟ್ಟಿನ ಒಳಗಿರುವುದೆಲ್ಲ ನಿಜ. ಆದರೆ ಏನನ್ನು ಹೊರಗಿಟ್ಟೆವೋ ಅದರಿಂದ ಇಡೀ ಚಿತ್ರ ಸುಳ್ಳಾಗುತ್ತದೆ. ಸಾಕ್ಷಿ ಹೇಳುವವನು ಅರ್ಧ ಹೇಳಿದರೆ ನ್ಯಾಯಸ್ಥಾನದಲ್ಲಿ ಏನೆನ್ನುತ್ತಾರೆ? ಇಲ್ಲಿ ಅಂಥವನಿಗೆ ಬಹುಮಾನ ಕೊಡುತ್ತೇವೆ.

ಅಷ್ಟಕ್ಕೂ ನೋಡಿದ ಮಾತ್ರಕ್ಕೆ ಮೃಗಕ್ಕೆ ಏನು ಸವೆಯಿತು ಎನ್ನುವವರು ಪೂರ್ವಕ್ಕೆ, ಕೀನ್ಯದ ಮಸಾಯಿ ಮಾರಾದ ಕಡೆಗೆ ನೋಡಬೇಕು. ಅಲ್ಲಿ ಫೆಮ್ಕೆ ಬ್ರೂಕ್‌ಹ್ಯೂಸ್ ಎಂಬ ವಿಜ್ಞಾನಿ ಚೀತಾಗಳನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರವಾಸಿಗಳ ವಾಹನ ಕಡಮೆಯಿರುವ ಕಡೆ ಒಂದು ಚೀತಾ ಪ್ರತಿ ಸೂಲಿನಲ್ಲಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ದೊಡ್ಡದು ಮಾಡುತ್ತದೆ. ವಾಹನ ಕಿಕ್ಕಿರಿಯುವ ಕಡೆ? ಹತ್ತು ಸೂಲಿಗೆ ಎರಡು ಮರಿ. ಯಾವ ಪ್ರವಾಸಿಯೂ ಒಂದು ಕಲ್ಲನ್ನೂ ಎಸೆಯಲಿಲ್ಲ. ಸುಮ್ಮನೆ ನೋಡಿದರು, ಚಿತ್ರ ತೆಗೆದರು, "ಅಯ್ಯೋ ಎಷ್ಟು ಮುದ್ದಾಗಿದೆ" ಎಂದರು. ನಮ್ಮ ಹಿರಿಯರು ದೃಷ್ಟಿ ತಾಕುತ್ತದೆ ಎಂದು ಮಗುವಿನ ಕೆನ್ನೆಗೆ ಕಪ್ಪು ಇಡುತ್ತಿದ್ದರು. ನಾನು ಅದನ್ನು ಮೌಢ್ಯವೆಂದು ನಗುತ್ತಿದ್ದೆ. ಈ ಅಂಕಿಗಳನ್ನು ಓದಿದ ಮೇಲೆ ಅಷ್ಟು ಜೋರಾಗಿ ನಗಲಾರೆ.

ಈಗ ನನ್ನ ಮಿತ್ರರ ಪೂರ್ವಪಕ್ಷ. ಅಂದು ರಾತ್ರಿ ಬಾಗಿಲಲ್ಲಿ ಬೀಳ್ಕೊಡುವಾಗಲೇ ನಾನು ಇಷ್ಟನ್ನೂ ಹೇಳಿದೆ; ಅವರು ಬಿಡುವವರಲ್ಲ. "ಸ್ವಾಮಿ, ಬಂದೂಕಿಗಿಂತ ಕ್ಯಾಮರಾ ಒಳ್ಳೆಯದಲ್ಲವೆ? ಅಮೆರಿಕದ ರೂಸ್‌ವೆಲ್ಟ್ ಸಾಹೇಬರು 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಅವರ ತಂಡ ತಂದ ಜೀವಿಗಳ ಲೆಕ್ಕ 11,000ಕ್ಕೂ ಮೇಲೆ. ನಾನು ತಂದದ್ದು 4,000 ಚಿತ್ರ. ಯಾರಿಗೆ ನೋವಾಯಿತು?" ಎಂದರು.

ಕ್ಯಾಮರಾ ಒಳ್ಳೆಯದು, ಒಪ್ಪಿದೆ. ಕಾರ್ಲ್ ಗಿಯೋರ್ಗ್ ಶಿಲ್ಲಿಂಗ್ಸ್ ಎಂಬ ಜರ್ಮನ್ ಬೇಟೆಗಾರ ಕತ್ತಲಲ್ಲಿ ಮಿಂಚುಪುಡಿ ಹೊತ್ತಿಸಿ ನೀರಿಗೆ ಬಂದ ಸಿಂಹಗಳ ಚಿತ್ರ ತೆಗೆದು 1905ರಲ್ಲಿ ಪುಸ್ತಕ ಮಾಡಿದ. ಅಂಥ ಚಿತ್ರಗಳನ್ನು ನೋಡಿಯೇ ಯೂರೋಪಿನ ಜನರಿಗೆ ಈ ಪ್ರಾಣಿಗಳು ಉಳಿಯಬೇಕೆಂಬ ಆಸೆ ಹುಟ್ಟಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಶಿಲ್ಲಿಂಗ್ಸ್ ಒಂದು ಚಿತ್ರಕ್ಕಾಗಿ ರಾತ್ರಿಗಟ್ಟಲೆ ಕಾದ. ಬೇಟೆಗಾರನಿಗೆ ಕೂಡ ಲದ್ದಿ ನೋಡಿ, ಹೆಜ್ಜೆ ನೋಡಿ, ಗಾಳಿ ನೋಡಿ ನಡೆಯುವ ವಿದ್ಯೆ ಬೇಕಾಗಿತ್ತು; ಲೈಸೆನ್ಸಿನಲ್ಲಿ ಇಷ್ಟು ಪ್ರಾಣಿಯೆಂಬ ಮಿತಿಯೂ ಇರುತ್ತಿತ್ತು. ನಮ್ಮ ನವಬೇಟೆಗಾರನಿಗೆ ವಿದ್ಯೆಯೂ ಬೇಡ, ಮಿತಿಯೂ ಇಲ್ಲ. ಬೇಟೆಗಾರನ ಕ್ರೌರ್ಯವನ್ನು ಬಿಟ್ಟದ್ದು ಸಂತೋಷವೇ. ಅವನ ತಾಳ್ಮೆಯನ್ನೂ ಬಿಟ್ಟು, ಅವನ ದುರಾಸೆ, ಪಟ್ಟಿ, ಬಡಿವಾರಗಳನ್ನು ಮಾತ್ರ ಇಟ್ಟುಕೊಂಡದ್ದು ಯಾತಕ್ಕೆ?

"ನಮ್ಮ ದುಡ್ಡಿಲ್ಲದೆ ಆ ಕಾಡು ಉಳಿಯುತ್ತಿತ್ತೆ?" ಇದು ಎರಡನೆಯ ಪ್ರಶ್ನೆ, ಮತ್ತು ಬಲವಾದದ್ದು. ದಕ್ಷಿಣ ಆಫ್ರಿಕದ ರಾಷ್ಟ್ರೀಯ ಉದ್ಯಾನಗಳು ತಮ್ಮ ಖರ್ಚಿನ ಬಹುಪಾಲನ್ನು ಪ್ರವಾಸಿಗಳಿಂದಲೇ ದುಡಿಯುತ್ತವೆ. ಕ್ರೂಗರಿನಂಥ ಕೆಲವು ದುಡಿದದ್ದರಿಂದ, ಯಾರೂ ಹೋಗದ ಸಣ್ಣ ಉದ್ಯಾನಗಳು ಬದುಕಿವೆ. ಆದ್ದರಿಂದ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ದುಡ್ಡು ಕೊಡಿ. ದೇವಸ್ಥಾನಕ್ಕೂ ನಮ್ಮ ದುಡ್ಡೇ ಆಧಾರ. ಹಾಗೆಂದು ಹುಂಡಿಗೆ ನೂರು ರೂಪಾಯಿ ಹಾಕಿದವನು ಗರ್ಭಗುಡಿಯಲ್ಲಿ ಹಾರನ್ ಒತ್ತುವುದಿಲ್ಲ.

ಘೇಂಡಾಮೃಗದ ಮಾತಂತೂ ಬೇರೆಯೇ. ಕ್ರೂಗರಿನಲ್ಲಿ 2010ರ ಸುಮಾರಿಗೆ ಬಿಳಿ ಘೇಂಡಾಮೃಗಗಳು ಹತ್ತು ಸಾವಿರಕ್ಕೂ ಮೇಲಿದ್ದವು. 2020ರ ಹೊತ್ತಿಗೆ ಮೂರು ಸಾವಿರಕ್ಕಿಂತ ಕಡಮೆಯಾದವು. ಕಳ್ಳಬೇಟೆ ಮುಖ್ಯ ಕಾರಣ, ಬರವೂ ಸೇರಿತು. ದಕ್ಷಿಣ ಆಫ್ರಿಕದಲ್ಲಿ 2014 ಒಂದೇ ವರ್ಷ 1,215 ಘೇಂಡಾಮೃಗಗಳನ್ನು ಕೊಂಬಿಗಾಗಿ ಕೊಂದರು. ಈಗಿನ ಫೋನುಗಳು ಚಿತ್ರದ ಜೊತೆಗೆ ಅದನ್ನು ತೆಗೆದ ಜಾಗವನ್ನೂ ಬರೆದಿಟ್ಟುಕೊಳ್ಳುತ್ತವೆಂಬುದು ಎಲ್ಲರಿಗೂ ಗೊತ್ತು, ಕಳ್ಳನಿಗೂ ಗೊತ್ತು. ಘೇಂಡಾಮೃಗ ಕಂಡ ಜಾಗವನ್ನು ಪ್ರಚಾರ ಮಾಡಬೇಡಿರೆಂದು ಸಂರಕ್ಷಣೆಯವರು ಕೈಮುಗಿದು ಬೇಡುತ್ತಾರೆ. ನಮ್ಮ ಕಾರಿನಲ್ಲಿದ್ದ ಹುಡುಗ ಅದನ್ನು ತೆಗೆದ ಐದು ನಿಮಿಷದಲ್ಲಿ ರಸ್ತೆಯ ಹೆಸರಿನ ಸಮೇತ ಊರಿಗೆಲ್ಲ ಕಳಿಸಿದ. ಒಳ್ಳೆಯ ಹುಡುಗ, ಬೆಂಗಳೂರಿನಲ್ಲಿ ಬೀದಿನಾಯಿಗಳಿಗೆ ಅನ್ನ ಹಾಕುತ್ತಾನೆ. ಪಟ್ಟಿಯಲ್ಲಿ ನಾಲ್ಕನೆಯದು ಮುಗಿಯಿತೆಂಬ ಸಂಭ್ರಮದಲ್ಲಿ ಅವನಿಗೆ ಬೇರೇನೂ ತೋಚಲಿಲ್ಲ.

ಚೌಕಟ್ಟಿನ ಹೊರಗೆ ಉಳಿದದ್ದು ಕಾರುಗಳು ಮಾತ್ರವೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 'ನಿರ್ಜನವಾದ ಕಾಡು' ಎಂದರಲ್ಲ, ಅದು ನಿರ್ಜನವಾದದ್ದು ಹೇಗೆ? ನಾವು ಇಳಿದುಕೊಂಡಿದ್ದ ಬಿಡಾರದ ಹೆಸರು ಸ್ಕುಕುಜಾ. ಏನೋ ಹಕ್ಕಿಯ ಹೆಸರಿರಬೇಕೆಂದು ನಾನು ತಿಳಿದಿದ್ದೆ. ಅದು ಈ ಕಾಡಿನ ಮೊದಲ ಮೇಲಧಿಕಾರಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್‌ಗೆ ಅಲ್ಲಿನ ತ್ಸೊಂಗ ಜನ ಇಟ್ಟ ಅಡ್ಡ ಹೆಸರು. 1902ರಲ್ಲಿ ಅಧಿಕಾರಕ್ಕೆ ಬಂದ ಆತ ಕಳ್ಳಬೇಟೆ ನಿಲ್ಲಿಸಿದ. ಜೊತೆಗೆ ಕಾಡಿನಲ್ಲಿದ್ದ ಹಳ್ಳಿಗಳ ಜನರನ್ನೂ ಹೊರಕ್ಕೆ ಕಳುಹಿಸಿದ. ಸ್ಕುಕುಜಾ ಎಂದರೆ ಗುಡಿಸಿ ಹಾಕಿದವನು. ಗುಡಿಸಲ್ಪಟ್ಟವರೇ ಇಟ್ಟ ಹೆಸರನ್ನು ಮೆಚ್ಚುಗೆಯೆಂದು ಬಗೆದು ಬಿಡಾರದ ಬಾಗಿಲಿಗೆ ಬರೆದಿದ್ದಾರೆ. ಅದರ ಕೆಳಗೆ ನಿಂತು ನಾವೆಲ್ಲ ಚಿತ್ರ ತೆಗೆಸಿಕೊಂಡೆವು.

ಅದು ಹಳೆಯ ಕಥೆ ಎನ್ನಬಹುದು. 1969 ಅಷ್ಟೇನೂ ಹಳೆಯದಲ್ಲ. ಕ್ರೂಗರಿನ ಉತ್ತರದ ತುದಿಯಲ್ಲಿ, ಲಿಂಪೋಪೊ ಮತ್ತು ಲುವುವ್ಹು ನದಿಗಳು ಕೂಡುವ ಪಾಫುರಿ ಎಂಬಲ್ಲಿ ಮಕುಲೆಕೆ ಜನ ತಲೆಮಾರುಗಳಿಂದ ಇದ್ದರು. ವರ್ಣಭೇದದ ಸರಕಾರ ಆ ವರ್ಷ ಸುಮಾರು 3,000 ಜನರಿಂದ ಅವರ ಮನೆಗಳಿಗೆ ಅವರ ಕೈಯಿಂದಲೇ ಬೆಂಕಿ ಇಡಿಸಿ, ಅವರನ್ನು ದೂರಕ್ಕೆ ಸಾಗಹಾಕಿ, ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ಸರಕಾರ ಬದಲಾದ ಮೇಲೆ ಅವರು ನ್ಯಾಯ ಕೇಳಿದರು. 1998ರಲ್ಲಿ ನೆಲ ಮರಳಿ ಅವರ ಹೆಸರಿಗೆ ಬಂತು. ಅವರು ಮಾಡಿದ್ದೇನು ಗೊತ್ತೆ? ಕಾಡು ಕಡಿದು ಮನೆ ಕಟ್ಟಲಿಲ್ಲ. ನೆಲ ನಮ್ಮದು, ಕಾಡು ಕಾಡಾಗಿಯೇ ಇರಲಿ, ಬಂದ ಅತಿಥಿಗಳಿಂದ ನಮಗೂ ಜೀವನವಾಗಲಿ ಎಂದು ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ಹತ್ತಿರದಲ್ಲೇ ಥುಲಮೇಲ ಎಂಬ ಗುಡ್ಡದ ಮೇಲೆ ಹಳೆಯ ಕಲ್ಲುಗೋಡೆಗಳ ಊರಿನ ಅವಶೇಷವಿದೆ; ಅಗೆದಾಗ ಚಿನ್ನದ ಒಡವೆ ತೊಟ್ಟ ಸಮಾಧಿಯೂ, ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಬಂದ ಗಾಜಿನ ಮಣಿಗಳೂ ಸಿಕ್ಕವು. ಕ್ರೂಗರಿಗೆ ಹೋಗಿ ಬಂದವರ ಎಷ್ಟೋ ಚಿತ್ರಗಳನ್ನು ನೋಡಿದ್ದೇನೆ. ಮಕುಲೆಕೆಯವರೂ ಇರಲಿಲ್ಲ, ಥುಲಮೇಲವೂ ಇರಲಿಲ್ಲ. ಆಫ್ರಿಕಕ್ಕೆ ಹೋದವರ ಆಲ್ಬಮ್ಮಿನಲ್ಲಿ ಆಫ್ರಿಕದ ಒಬ್ಬ ಮನುಷ್ಯನೂ ಇರುವುದಿಲ್ಲ. ಇದ್ದರೆ ಕುಣಿಯುತ್ತಿರಬೇಕು ಅಥವಾ ತಟ್ಟೆ ಹಿಡಿದು ನಿಂತಿರಬೇಕು. ನಾಗರಹೊಳೆಯ ಜೇನುಕುರುಬರ ಸಂಕಟವನ್ನು ಪತ್ರಿಕೆಯಲ್ಲಿ ಓದಿದ ನಾವು ಇದನ್ನು ಬೇರೆ ಯಾರಿಗಿಂತಲೂ ಬೇಗ ಗುರುತಿಸಬೇಕಾಗಿತ್ತು.

ಆ ಪ್ರವಾಸದಲ್ಲಿ ನನಗೆ ಸಂತೋಷವಾದದ್ದು ಮೂರನೆಯ ದಿನ. ಹುಡುಗರು ಸಿಂಹದ ಸುದ್ದಿ ಹಿಡಿದು ಓಡುವವರಿದ್ದರು. ನಾನು ಬರುವುದಿಲ್ಲವೆಂದು ಹಟ ಮಾಡಿದ್ದರಿಂದ ಸ್ಕುಕುಜಾ ಬಳಿಯ ಲೇಕ್ ಪ್ಯಾನಿಕ್ ಎಂಬ ಕೆರೆಯ ಹತ್ತಿರ ನನ್ನನ್ನು ಇಳಿಸಿ ಹೋದರು. ಅಲ್ಲಿ ನೀರಿನ ಅಂಚಿಗೆ ಮರದ ಮರೆಮನೆಯೊಂದಿದೆ. ಬೆಂಚುಗಳ ಮೇಲೆ ಕುಳಿತು ಕಿಂಡಿಯಿಂದ ನೋಡಬಹುದು. ಒಳಗೆ ಯಾರೂ ಮಾತನಾಡುವುದಿಲ್ಲ. ಕ್ಯಾಮರಾದ ಬ್ಯಾಟರಿ ಮುಗಿದಿತ್ತು, ದೇವರು ದೊಡ್ಡವನು. ಮೊದಲ ಅರ್ಧ ಗಂಟೆ ಏನೂ ಇಲ್ಲವೆಂದೇ ತೋರಿತು. ಆಮೇಲೆ ಬಂಡೆಯೆಂದುಕೊಂಡದ್ದು ನೀರುಕುದುರೆಯಾಗಿ ಉಸಿರು ಬಿಟ್ಟಿತು. ಒಣಕೊಂಬೆಯ ಮೇಲೆ ಕಪ್ಪು-ಬಿಳುಪಿನ ಮಿಂಚುಳ್ಳಿ ಬಂದು ಕೂತಿತು. ನಮ್ಮ ಕಾವೇರಿಯ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು ಧೊಪ್ಪನೆ ನೀರಿಗೆ ಬೀಳುತ್ತದಲ್ಲ, ಅದೇ ಜಾತಿ, ಅದೇ ಚಾಳಿ. ಪರದೇಶದಲ್ಲಿ ಊರಿನವರು ಸಿಕ್ಕ ಹಾಗಾಯಿತು. ಅದು ಏಳು ಸಲ ಬಿತ್ತು. ಎರಡು ಸಲ ಮೀನು ಸಿಕ್ಕಿತು. ಮೀನು ಸಿಕ್ಕಾಗ ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೂರು ಗಂಟೆಯ ಹೊತ್ತು ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಅಷ್ಟೆ. ಹುಡುಗರು ಬಂದು, "ಏನು ಸಿಕ್ತು ಮಾವ?" ಎಂದರು. ಹೇಳುವುದಕ್ಕೆ ತೋಚಲಿಲ್ಲ. ಅವರಿಗೆ ಸಿಂಹದ ಬೆನ್ನು ಸಿಕ್ಕಿತ್ತು.

ಇಂಥದನ್ನು ಕೊಳ್ಳುವವರಿಲ್ಲವಾದ್ದರಿಂದ ಮಾರುವವರೂ ಇಲ್ಲ. 'ಏಳು ದಿನ, ಐದು ಮೃಗ, ಖಚಿತ' ಎಂದು ಜಾಹೀರಾತು ಕೊಡುವ ಕಂಪನಿಗಳನ್ನು ನಾನು ದೂರುವುದಿಲ್ಲ. ನಾವು ಕೇಳಿದ್ದನ್ನು ಅವರು ತೂಗಿಕೊಡುತ್ತಾರೆ. ಮೃಗವನ್ನು ಖಚಿತ ಮಾಡಬೇಕಾದ ಡ್ರೈವರನ ಮೇಲೆ ಎಂಥ ಒತ್ತಡ ಬೀಳುತ್ತದೆ, ಅವನು ಚೀತಾದ ಮೂತಿಯವರೆಗೆ ಗಾಡಿ ನುಗ್ಗಿಸದಿದ್ದರೆ ಆ ಸಂಜೆ ಅವನಿಗೆ ಸಿಕ್ಕುವ ಇನಾಮು ಎಷ್ಟಾಗುತ್ತದೆ ಎಂಬುದನ್ನು ನಮ್ಮ ಮನೆಯ ಕೂಸು ಕೂಡ ಲೆಕ್ಕ ಹಾಕಬಲ್ಲದು. ದೂರು ನಮ್ಮ ಮೇಲೆ, ನಮ್ಮ ಆ ಮೊದಲ ಪ್ರಶ್ನೆಯ ಮೇಲೆ. ಪ್ರವಾಸದಿಂದ ಬಂದವರನ್ನು 'ಐದೂ ಸಿಕ್ಕವೆ' ಎಂದು ಕೇಳುವುದನ್ನು ನಿಲ್ಲಿಸುವುದಕ್ಕೆ ವೀಸಾ ಬೇಡ, ಖರ್ಚಿಲ್ಲ. ಪತ್ರಿಕೆಗಳು ಕೂಡ ವನ್ಯಜೀವಿ ಚಿತ್ರ ಅಚ್ಚುಹಾಕುವಾಗ ಕೆಳಗೆ ಒಂದು ಸಾಲು ಬರೆಸಲಿ: ಚಿತ್ರ ತೆಗೆಯುವಾಗ ಸುತ್ತ ಎಷ್ಟು ವಾಹನಗಳಿದ್ದವು? ನನ್ನ ಚಿರತೆಯ ಕೆಳಗೆ 27 ಎಂದು ಬರೆಯಬೇಕೆಂದು ತಂಗಿಗೆ ಹೇಳಿದೆ. "ಗೋಡೆ ನಿನ್ನದಲ್ಲ ಅಣ್ಣ" ಎಂದಳು.

ಅಂದು ರಾತ್ರಿ ಮಿತ್ರರ ಮನೆಯಲ್ಲಿ ನಾವು ಬಾಗಿಲಲ್ಲಿ ನಿಂತು ವಾದ ಮಾಡುತ್ತಿದ್ದಾಗ ಅವರ ಮನೆಯವರು ಕಾಫಿಯ ಲೋಟಗಳನ್ನು ತೆಗೆಯುತ್ತಿದ್ದರು. ಸಂಜೆಯಿಂದ ಅವರು ಆಡಿದ್ದು ಎರಡು ಮಾತು. "ನಿಮಗೇನು ಇಷ್ಟವಾಯಿತು ತಾಯಿ?" ಎಂದು ಕೇಳಿದೆ.

ಅವರು ಲೋಟಗಳನ್ನು ಕೆಳಗಿಟ್ಟರು. ಒಂದು ದಿನ ಕಾರು ಕೆಟ್ಟು ಒಂದು ಗಂಟೆ ರಸ್ತೆಯಲ್ಲೇ ಕುಳಿತಿದ್ದರಂತೆ. ಇವರ ಕಿಟಕಿಯ ಕೆಳಗೆ ಆನೆಲದ್ದಿ. ಅದರಿಂದ ಒಂದು ಹುಳು ಉಂಡೆ ಕಟ್ಟಿತಂತೆ, ತನಗಿಂತ ದೊಡ್ಡ ಉಂಡೆ. ಹಿಂಗಾಲಿನಿಂದ ತಳ್ಳುತ್ತ, ತಲೆ ಕೆಳಗಾಗಿ ಹೊರಟಿತಂತೆ. ದಿಬ್ಬ ಹತ್ತುವುದು, ಉಂಡೆ ಉರುಳುವುದು, ಜೊತೆಗೆ ತಾನೂ ಉರುಳುವುದು, ಮತ್ತೆ ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗಿ ದಿಕ್ಕು ನೋಡುವುದು. ನಾನು ಹೇಳಿದೆ: ಆ ಜಾತಿಯ ಹುಳುಗಳಲ್ಲಿ ರಾತ್ರಿ ಹೊತ್ತು ಕೆಲಸ ಮಾಡುವವು ಆಕಾಶಗಂಗೆಯ ಬೆಳಕು ನೋಡಿ ನೆಟ್ಟಗೆ ಹೋಗುತ್ತವೆಂದು 2013ರಲ್ಲಿ ಸ್ವೀಡನ್ ಮತ್ತು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕಂಡುಹಿಡಿದರು, ಅದನ್ನು ಪರೀಕ್ಷಿಸಲು ಹುಳುಗಳ ತಲೆಗೆ ಪುಟ್ಟ ಟೋಪಿ ಹಾಕಿದ್ದರು. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಟೋಪಿಯೆ!" ಎಂದರು. ಮತ್ತೆ ಮೊದಲಿನಿಂದ, ಕೈಯಲ್ಲಿ ಅಭಿನಯಿಸಿ ತೋರಿಸುತ್ತ, ಆ ಹುಳು ಕೊನೆಗೆ ದಿಬ್ಬ ಹತ್ತಿದ್ದು ಹೇಗೆಂದು ಹೇಳಿದರು. ಹೊರಟು ನಿಂತವರೆಲ್ಲ ಮತ್ತೆ ಕುಳಿತೆವು.

ಮಿತ್ರರು ಫೋನು ತೆಗೆದು ಬೆರಳಿನಿಂದ ತಳ್ಳುತ್ತ ತಳ್ಳುತ್ತ ಹುಡುಕಿದರು. "ಇರಬೇಕು ಕಣೆ, ಒಂದಾದರೂ ತೆಗೆದಿರಬೇಕು" ಎಂದರು. ನಾಲ್ಕು ಸಾವಿರದಲ್ಲಿ ಅದು ಇರಲಿಲ್ಲ.